ಬಿಚ್ಚಿಸಿದ ಕೌದಿ

ಫೆಬ್ರವರಿ ೪, ೨೦೨೫. ಆಳಂದ

ಮತ್ತೆ ಮೂರನೆಯ ಪುಟದಲ್ಲೇ ನಿಂತೆ. ನಮ್ಮ ಪ್ರತಿಷ್ಠಾನಕ್ಕೆ ಇಪ್ಪತ್ತು ವರ್ಷ, ಅದರ ಚರಿತ್ರೆ ಬರೆಯುವ ಕೆಲಸ ನನ್ನದು. ಕಲೆ, ವಿಜ್ಞಾನ ಎರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದೆವು — ಬರೆದೆ, ಅಳಿಸಿದೆ. ಆರಂಭ ಸರಳ. ಭೌತಶಾಸ್ತ್ರದ ಅಮರನಾಥ ಸರ್, ಸರಸಂಬಾದ ಗಂಗುಬಾಯಿ, ದಿಕ್ಕುಗಳ ಸಮೇತ ಆಕೆ ಹೊಲಿದ ನಕ್ಷತ್ರಗಳ ಕೌದಿ. ಲೆಟರ್‌ಹೆಡ್‌ನಲ್ಲೂ ಅದೇ ನಮ್ಮ ಲಾಂಛನ.

ಈ ಪುಟಕ್ಕೆ ಸರ್ ಬರೆಸಿದ ಸಾಲು: “ಮೊದಲ ಪ್ರಯತ್ನದ ತಪ್ಪನ್ನು ತಿದ್ದಲಾಯಿತು.” ತಿದ್ದಿಸಿದವಳು ನಾನು. ಉತ್ತರ ಮೇಲಿದ್ದರೆ ಪೂರ್ವ ಬಲಕ್ಕೆ. ಗಂಗುಬಾಯಿ ಎಡಕ್ಕೆ ಹೊಲಿದಿದ್ದರು. ಅಟ್ಲಾಸ್ ತೋರಿಸಿ ಬಿಚ್ಚಿಸಿದೆ. ಎರಡು ತಿಂಗಳ ಹೊಲಿಗೆ.

ಫೆ. ೭, ಸರಸಂಬಾ

ಫೋಟೊಗೆಂದು ಕೌದಿ ಒಯ್ದಿದ್ದೆ. ಗಂಗುಬಾಯಿಗೆ ಈಗ ಕಣ್ಣು ಮಂಜು. ಬೆರಳಿನಿಂದಲೇ ಹಳೆಯ ಸೂಜಿತೂತುಗಳನ್ನು ಹುಡುಕಿದರು.

“ಇಲ್ಲಿತ್ತು ನೋಡ್ರಿ ಅಕ್ಕೋರ, ನನ್ನ ಮೂಡಣ.”

ತಪ್ಪಾಗಿತ್ತಲ್ಲ, ಅಂದೆ. ನಕ್ಕರು.

“ಕೌದಿ ಗ್ವಾಡಿಗಿ ಹಾಕೂದೇನ್ರಿ? ಹೊಚ್ಕೊಳ್ಳೂದು. ಮಕ್ಕೊಂಡು ನೋಡ್ರಿ ಅಂತ ಅವತ್ತೂ ಹೇಳಿದ್ದೆ. ನಿಮಗ ಸೀರಿ ಹೊಲಸಾಗೂ ಚಿಂತಿ!”

ಅಂಗಳದಲ್ಲಿ ಮಲಗಿದೆ. ಆಕೆಯೂ ಸೊಸೆ ಶಿವಕಾಂತಾಳೂ ಕೌದಿಯನ್ನು ನನ್ನ ಮೇಲೆ ಎತ್ತಿ ಹಿಡಿದರು — ನಕ್ಷತ್ರಗಳು ಕೆಳಮುಖ, ಉತ್ತರ ಉತ್ತರಕ್ಕೆ. ನಾನು ತಿದ್ದಿಸಿದ ಪೂರ್ವವು ಪಶ್ಚಿಮದ ಬೇವಿನ ಮರದ ಕಡೆಗಿತ್ತು. ಆಕಾಶವನ್ನು ಕೆಳಗಿನಿಂದ ನೋಡುತ್ತೇವೆ, ನೆಲದ ನಕ್ಷೆಯಂತೆ ಮೇಲಿನಿಂದಲ್ಲ. ಅಷ್ಟೇ. ಇಪ್ಪತ್ತು ವರ್ಷ ಬೇಕಾಯಿತು.

ಫೆ. ೧೫

ಎಂಟು ದಿನ ಬರೆಯಲಿಲ್ಲ. ಇಂದು ಬಸ್ಸಿನಲ್ಲಿ ಅಫಜಲಪುರ, ಸರ್ ಮನೆ.

“ನಿಮಗ ಗೊತ್ತಿತ್ತೇನ್ರಿ ಸರ್?”

“ತಿದ್ದಿದ ಕೌದಿ ನೋಡಿದ ದಿನಾನ ಗೊತ್ತಾತು. ಅಷ್ಟೊತ್ತಿಗೆ ಲೆಟರ್‌ಹೆಡ್‌ನ್ಯಾಗ ಅದರ ಫೋಟೊ ಛಾಪ್ ಆಗಿತ್ತು. ನೀ ಹೊಸದಾಗಿ ಬಂದಿದ್ದಿ. ನಿನ್ನ ಮುಖ ನೋಡಿ ಸುಮ್ಮನಾದೆ.”

“ಆಕಿ ಮುಖ?”

ಬಶಿಗೆ ಚಹಾ ಸುರಿದುಕೊಂಡರು. “ಆರಾಕತ್ತದ, ಕುಡಿ. ಈಗ ಬರದ್ರ ಲಾಂಛನಾನ ಬದಲಿಸಬೇಕಾಗ್ತದ. ನಿನ್ನ ಹೆಸರೂ ಕೆಡ್ತದ. ಆ ಸಾಲು ಹಂಗ ಇರ್ಲಿ ಬಿಡು.”

ಬಿಟ್ಟರೆ ಯಾರಿಗೂ ತಿಳಿಯದು. ದಣಿದಿದ್ದೇನೆ... ಬಿಟ್ಟುಬಿಡೋಣ ಅನ್ನಿಸಲು ದಣಿವೇ ಕಾರಣವೋ, ಅಥವಾ ಅದೂ ಒಂದು ನೆಪವೋ.

ಫೆ. ೨೧, ಬೆಳಿಗ್ಗೆ ೧೧

ಪ್ರೆಸ್ಸಿನ ಅಲ್ತಾಫ ಎರಡು ಸಲ ಫೋನ್ ಮಾಡಿದರು. “ಮೇಡಮ್, ಮೂರನೇ ಪುಟ ಒಂದ ಉಳದದ ನೋಡ್ರಿ. ನಿಮ್ಮ ಚರಿತ್ರಾ ಮುಗಿಯೂದ್ರಾಗ ನನ್ನ ಮಷೀನ ಮುದುಕಾಗ್ತದ.”

ಸರ್ ಸಾಲನ್ನು ಹೊಡೆದುಹಾಕಿದೆ. ಅದೇ ಜಾಗದಲ್ಲಿ: ಗಂಗುಬಾಯಿ ಸರಿಯಾಗಿಯೇ ಹೊಲಿದಿದ್ದರು. ಅದನ್ನು ಬಿಚ್ಚಿಸಿದವಳು ನಾನು.