ಗೆರೆಯ ಮೇಲೆ ಕೂತ ಮೂರು ಚುಕ್ಕಿ

ಫೆಬ್ರವರಿ 7, ಬೆಳಿಗ್ಗೆ 8

ಇವತ್ತೂ ಹನ್ನೆರಡು ತಟ್ಟೆ. ನೀರಿನ ಮೇಲೆ ತೇಲುವ ಸಾಸಿವೆ ಗಾತ್ರದ ಎಲೆಗಳು. ಎಣಿಸುವುದು ಭೂತಗನ್ನಡಿ — ಬಯಾಲಜಿಯವಳು, ಕೈಯಿಂದ ಲೆನ್ಸ್ ಬಿಡುವುದಿಲ್ಲ, ಅದಕ್ಕೇ ಆ ಹೆಸರು. ನಾನು ಮ್ಯಾಥ್ಸ್. ಅವಳ ಅಂಕಿಗಳಿಂದ ಬೆಳವಣಿಗೆಯ ಸಮೀಕರಣ ಕಟ್ಟುವುದು ನನ್ನ ಕೆಲಸ. ನಾಳೆಯಿಂದ ಮೂರು ದಿನ ಅವಳಿಗೆ ಅಣ್ಣನ ಮದುವೆ, ಎಣಿಕೆ ನನ್ನ ಪಾಲಿಗೆ.

"ಎರಡೆರಡು ಸಲ ಎಣಿಸೋ. ಗಡಿಬಿಡಿ ಮಾಡಬೇಡ."

"ನೂರರವರೆಗೂ ಬರುತ್ತೆ ಕಣೇ ನಂಗೆ."

ಫೆಬ್ರವರಿ 10

ಲ್ಯಾಬಿಗೆ ಹೋಗಲೇ ಇಲ್ಲ. ಮೊದಲ ದಿನ ನಿದ್ದೆ, ಉಳಿದೆರಡು ದಿನ ಸೋಮಾರಿತನ. ಸಮೀಕರಣ ಹೇಗೂ ಇತ್ತು, ಅದೇ ಅಂಕಿ ಕೊಟ್ಟಿತು. ಅಲ್ಲೊಂದು ಇಲ್ಲೊಂದು ಎಲೆ ಹೆಚ್ಚುಕಡಿಮೆ ಮಾಡಿ ಮೂವತ್ತಾರು ಸಂಖ್ಯೆ ತುಂಬಿದೆ. ಹತ್ತು ನಿಮಿಷ.

ಮಾರ್ಚ್ 2, ಸಂಜೆ

ವಿದ್ಯಾರ್ಥಿ ಸಂಶೋಧನಾ ಮೇಳ. ನಮ್ಮ ಪೋಸ್ಟರ್ ಮುಂದೆ ಬಿಳಿಗಡ್ಡದ ಪರೀಕ್ಷಕರು. ಬೆರಳು ಗ್ರಾಫಿನಲ್ಲಿ ನನ್ನ ಮೂರು ದಿನಗಳ ಸರಾಸರಿಯ ಮೂರು ಚುಕ್ಕಿಗಳ ಮೇಲೆ.

"ಇವು ಗೆರೆ ಮೇಲೇ ಕೂತಿವೆ. ಎಣಿಸಿದ್ದು ಯಾರು?"

"ಇವನು ಸರ್," ಅಂದಳು ಭೂತಗನ್ನಡಿ.

"ಉಳಿದದ್ದು?"

"ನಾನು."

"ಕಾಳು ಚೆಲ್ಲಿದ ಹಾಗಿದೆಯಲ್ಲಮ್ಮ. ಸ್ವಲ್ಪ ಗಮನ ಕೊಟ್ಟು ಎಣಿಸಬೇಕು."

ತಲೆಯಾಡಿಸಿದಳು. ನಾನು ಪೋಸ್ಟರಿನ ಮೂಲೆಯ ಟೇಪು ಒತ್ತುತ್ತಾ ನಿಂತೆ. ಅದು ಸರಿಯಾಗೇ ಅಂಟಿತ್ತು.

ಎರಡನೇ ಬಹುಮಾನ. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಮಾರ್ಚ್ 5

ಗೈಡ್ ಮೇಡಂ ಇಬ್ಬರನ್ನೂ ಕರೆದರು. ಪ್ರಬಂಧ ಪ್ರಕಟಿಸಬೇಕಂತೆ, ಎಣಿಕೆ ಪೂರ್ತಿ ಹೊಸದಾಗಿ. "ಈ ಸಲ ನೀನೇ ಎಣಿಸಪ್ಪ. ಅವಳು ಬರೆದುಕೊಳ್ಳಲಿ." ಅವಳ ಎದುರಿಗೇ. ಹೇಳಿಬಿಡಬೇಕೆಂದು ಬಾಯಿ ತೆರೆದೆ… "ಆಗಲಿ ಮೇಡಂ" ಎಂದಷ್ಟೇ ಹೊರಬಂತು.

ವರಾಂಡದಲ್ಲಿ ಲೆನ್ಸ್ ತೆಗೆದು ನನ್ನ ಕೈಗಿಟ್ಟಳು. "ಎರಡೆರಡು ಸಲ ಎಣಿಸಿದ್ದೆ ಕಣೋ. ನನ್ನ ಕಣ್ಣೇ ಸರಿಯಿಲ್ವೇನೋ. ಅಪ್ಪ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರಂತೆ."



ಮಾರ್ಚ್ 9, ಬೆಳಿಗ್ಗೆ 8.20

ಲ್ಯಾಬ್. ಅವಳ ಕಣ್ಣಿಗೆ ಏನೂ ಆಗಿಲ್ಲವಂತೆ, ಡಾಕ್ಟರು ನಕ್ಕು ಕಳಿಸಿದರಂತೆ. ಹಾಗಾದರೆ ತಪ್ಪು ತನ್ನ ರೀತಿಯಲ್ಲೇ ಇದೆ ಎಂದು ತೀರ್ಮಾನಿಸಿದ್ದಾಳೆ. "ನೀನು ಎಣಿಸೋದನ್ನ ನೋಡಿ ಕಲೀತೀನಿ." ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾಳೆ.

ಮೊದಲ ತಟ್ಟೆ. ಎಲೆಗೆ ಎಲೆ ಅಂಟಿಕೊಂಡಿದೆ. ಒಂದೋ ಎರಡೋ ಗೊತ್ತಾಗುತ್ತಿಲ್ಲ. ನಲವತ್ತೊಂದು. ಮತ್ತೆ ಎಣಿಸಿದೆ — ನಲವತ್ತಾರು. ಮತ್ತೆ — ನಲವತ್ಮೂರು.

"ಎಷ್ಟೋ? ಅಷ್ಟುದ್ದ ಏನು ಬರೀತಿದ್ದೀಯ?"

"ಲೆಕ್ಕ."

ಪೆನ್ ಹಿಡಿದು ಕಾಯುತ್ತಿದ್ದಾಳೆ. ಬಾಯಲ್ಲಿ ಬರುತ್ತಿಲ್ಲ. ಫೆಬ್ರವರಿ ಹತ್ತರ ಪುಟ ತೆಗೆದು, ಈ ಡೈರಿಯನ್ನೇ ಅವಳ ಮುಂದೆ ಇಡುತ್ತಿದ್ದೇನೆ.