ಎಡಗಡೆ ಕನ್ನಡಿ

ಜೂನ್ 3, ಸಂಜೆ

ಅಪ್ಪ ಇವತ್ತೂ ಅದೇ ಬಾಸ್ ಕೈಲಿ ಸತ್ತರು. ವಿಡಿಯೋ ಗೇಮಿನಲ್ಲಿ, ಆ ಕತ್ತಿ ಹಿಡಿದ ದೈತ್ಯನ ಕೈಲಿ. ಅವನು ಕತ್ತಿ ಬೀಸಿದ ತಕ್ಷಣ ಅಪ್ಪ ಹಿಂದಕ್ಕೆ ಓಡ್ತಾರೆ. ಕತ್ತಿ ಉದ್ದ, ತಗುಲೇ ತಗುಲತ್ತೆ. ಎಡಗಡೆಯಿಂದ ಬಂದ ಏಟಂತೂ ಒಂದನ್ನೂ ತಪ್ಪಿಸಿಕೊಂಡಿಲ್ಲ. ಓಡಬೇಡಿ, ರೋಲ್ ಮಾಡಿ, ಉರುಳೋಕೆ ಶುರು ಮಾಡಿದ ಆ ಚೂರು ಹೊತ್ತು ಏನೂ ತಾಗಲ್ಲ, ಕತ್ತಿ ಮೈಯೊಳಗೇ ಹಾದುಹೋಗತ್ತೆ... ಹೇಳಿ ಹೇಳಿ ಗಂಟಲು ಒಣಗಿತು.

"ಎದುರ್ಗೆ ಬರೋನ್ಗೆ ಸೈಡ್ ಕೊಡ್ಬೇಕು ಕಣಮ್ಮ. ಓಗಿ ಅಡ್ಡ ಬೀಳಕ್ಕಾಯ್ತದಾ?"

ಜೀವಮಾನವೆಲ್ಲ ಅರಕಲಗೂಡು ರೂಟಿನಲ್ಲಿ ಬಸ್ ಓಡಿಸಿದ ಬುದ್ಧಿ. ರಿಟೈರ್ ಆದರೂ ಸೀಟಿಂದ ಇಳಿದಿಲ್ಲ.

ನನ್ನ ಬಾಯಿ ಸುಮ್ಮನಿದ್ದಿದ್ದರೆ ಈ ಗೋಳಿರಲಿಲ್ಲ. ಹೋದ ತಿಂಗಳು ಕಾರಿನ ಎಡಗಡೆ ಕನ್ನಡಿ ಎರಡನೇ ಸಲ ಗೇಟಿಗೆ ಬಡಿದು ಮುರಿದರು. ಕೈ ನಿಧಾನ ಆಗಿದೆ ಅಂತ ಕೀ ಕಿತ್ತಿಟ್ಟುಕೊಂಡೆ. ದೊಡ್ಡ ಜಗಳ. ರೇಗಿ ಅಂದುಬಿಟ್ಟೆ — ಈ ಬಾಸ್‌ನ ಹೊಡೀರಿ, ಕೀ ಕೊಡ್ತೀನಿ.

ಜೂನ್ 5

ಆಫೀಸಿಂದ ಬಂದರೆ ಗೇಮಿನ ಕಂಟ್ರೋಲರ್ ಅಪ್ಪನ ಕೈಲಿ. ಅಮ್ಮನ ಸೀರಿಯಲ್ ಬಂದ್, ಸಿಟ್ಟೆಲ್ಲ ನನ್ನ ಮೇಲೆ.

ಈಗ ಹೊಸ ರೋಗ. ಗಾಬರಿಗೆ ಉರುಳೋ ಬಟನ್ ಒತ್ತಿದ್ದೇ ಒತ್ತಿದ್ದು. ಉರುಳಿ ಏಳುವಾಗ ರಕ್ಷಣೆ ಇಲ್ಲ ಅಪ್ಪಾ! ಸರಿಯಾಗಿ ಆಗಲೇ ಏಟು. ಸಾಲದ್ದಕ್ಕೆ ಗೇಮಲ್ಲಿ ಸಿಕ್ಕಿದ ಕಬ್ಬಿಣದ ಕವಚವೆಲ್ಲ ಮೈಮೇಲೆ ಹೇರಿಕೊಂಡಿದ್ದಾರೆ. ಭಾರಕ್ಕೆ ಎಮ್ಮೆ ಹೊರಳಿದ ಹಾಗೆ ಹೊರಳೋದು. ಬಿಚ್ಚಿ ಅಂದರೆ "ಮಾನ ಕಳೀಬ್ಯಾಡ" ಅಂತಾರೆ. ಗೇಮಲ್ಲಿ ಯಾರ ಮುಂದೆ ಮಾನ!

ಜೂನ್ 13

ಕೊನೆಗೂ ಬಿಚ್ಚಿದರು. ಅವರ ವೀರ ಬರೀ ಚಡ್ಡಿಯಲ್ಲಿ ನಿಂತಿದ್ದಾನೆ. ಅಮ್ಮ ಮುಖ ತಿರುಗಿಸಿಕೊಂಡು ಹೋದಳು.

ಯಾವ ಕಡೆ ಉರುಳಬೇಕು ಅಂತ ಹತ್ತಾರು ಸಲ ಕೇಳಿದರು. ಎತ್ತಲಾದರೂ ಉರುಳಿ, ಹೊತ್ತು ಸರಿಯಾಗಿದ್ದರೆ ಸಾಕು ಅಂದೆ.

"ಅಂಗಾದ್ರೆ ನೋಡೋದೇ ಬ್ಯಾಡ ಅನ್ನು!"

ತಲೆಹರಟೆ. ಎದ್ದು ಹೋದೆ.

ಜೂನ್ 21, ಭಾನುವಾರ

ಹೊಡೆದೇಬಿಟ್ಟರು! ಒಂದೇಟೂ ತಿನ್ನದೆ. ನಾನೇ ಶಿಳ್ಳೆ ಹೊಡೆದೆ. ಎಷ್ಟು ಖುಷಿಯಾಯಿತು... ಹೇಗೆ ಮಾಡಿದ್ರಿ ಅಂದೆ.

"ಕತ್ತಿ ಎತ್ತಕ್ ಮುಂಚೆ ಗೊರ್ ಅಂತಾನೆ ಬಡ್ಡಿಮಗ. ಆ ಸದ್ದಿಗೆ ಉರ್ಳೋದು, ಅಷ್ಟೇಯ. ಎಡಗಡೆಯಿಂದ ಬಂದ್ರೆ ಎಂಗೂ ಕಾಣಾಕಿಲ್ಲ."

"ಕಾಣಲ್ಲ ಅಂದ್ರೆ?"

"ಆ ಕಡೆ ಒಸಿ ಮಂಜು ಕಣಮ್ಮ. ವಯಸ್ಸಾದ್ಮೇಲೆ ಎಲ್ರಿಗೂ ಅಂಗೇ."

ಎರಡು ಸಲ ಕನ್ನಡಿ. ಎರಡು ಸಲವೂ ಎಡ. ನಾನು ಕೈ, ಕೈ ಅಂತ ಬೈತಾ ಕೂತಿದ್ದೆ. ತೊಂದರೆ ಇದ್ದಿದ್ದು ಕಣ್ಣಲ್ಲಿ.

ಅದೇ ದಿನ, ಬೆಳಿಗ್ಗೆ 11 ಗಂಟೆ

ಇಸ್ತ್ರಿ ಶರ್ಟ್ ಹಾಕಿ ರೆಡಿಯಾಗಿದ್ದಾರೆ. ಹೊಳೆನರಸೀಪುರಕ್ಕೆ, ಬಸವಲಿಂಗಮ್ಮತ್ತೆ ಮನೆಗೆ, ಕಾರಲ್ಲಿ. ಅಮ್ಮನೂ ಹೂ ಮುಡಿದು ಹೊರಟಿದ್ದಾಳೆ. ಅವಳು ಮುಂದೆ ಕೂರೋದು, ಅಪ್ಪನ ಎಡಗಡೆ.

"ಕೀ ತತ್ತಾ ಸೌಜನ್ಯ. ಮಾತು ಅಂದ್ರೆ ಮಾತು."

ಬಂದೆ ಅಂತ ರೂಮಿಗೆ ಬಂದು ಬಾಗಿಲು ಹಾಕಿಕೊಂಡಿದ್ದೀನಿ. ಕೀ ಮುಷ್ಟಿಯಲ್ಲಿದೆ. ಅಷ್ಟು ವರ್ಷ ಬಸ್ ಓಡಿಸಿದೋರಿಗೆ ಇದನ್ನ ಯಾವ ಬಾಯಲ್ಲಿ ಹೇಳೋದು? ಆ ಸಂತೋಷದ ಮುಖ ನೋಡಿಕೊಂಡು...

ಬಾಗಿಲು ತಟ್ತಿದ್ದಾರೆ. ಹೇಳಲೇಬೇಕು. ಅಪ್ಪಾ, ಗೆದ್ದಿದ್ದು ನಿಜ, ಆದರೆ—