ಗುಲಾಬಿ ಕುಂಡದ ಬಾಯಾರಿಕೆ

ರೀ,

ಎದ್ದ ತಕ್ಷಣ ಅಡುಗೆಮನೆ ಕಿಟಕಿ ಹತ್ತಿರ ಬಂದು ಗುಲಾಬಿ ಕುಂಡ ನೋಡಿ. ಅದರಲ್ಲಿ ನೆಟ್ಟಿರೋದು ನಮ್ಮ ಈರುಳ್ಳಿ ಹೊಲದಲ್ಲಿ ಇರಬೇಕಾದ, ಮಣ್ಣಿನ ತೇವ ಅಳೆಯೋ ಸೆನ್ಸರ್. ಕೆಸರು ಒರೆಸಿ, ಕೆಲಸ ಮಾಡುತ್ತಾ ನೋಡೋಣ ಅಂತ ಇಲ್ಲಿ ಚುಚ್ಚಿದವರು ನೀವು. ಚುಚ್ಚಿ ಮರೆತವರೂ ನೀವೇ.

ಇಲ್ಲಿ ಬಿಸಿಲಿಗೆ ಕುಂಡ ಒಣಗಿದಾಗಲೆಲ್ಲ ಅಲ್ಲಿ ಹೊಲದ ಪಂಪು ತಾನಾಗಿ ಓಡಿದೆ. ಈಗ ಕುಂಡಕ್ಕೆ ಒಂದು ಚೊಂಬು ನೀರು ಹಾಕಿದೆ, ಪಂಪು ನಿಂತಿತು ಅಂತ ಫೋನಿನಲ್ಲಿ ಬಂತು. ಈ ಸೆನ್ಸರ್ ನೀರು ಉಳಿಸುತ್ತೆ ಅಂತ ಊರೆಲ್ಲ ಹೇಳಿಕೊಂಡು ಬಂದಿರಲ್ಲ, ಬಾವಿಯ ತಳ ಕಾಣ್ತಿದೆ.

ಆ ಬಾವಿಯಲ್ಲಿ ಅರ್ಧ ನಿಮ್ಮ ಅಣ್ಣನದು. ನಿನ್ನೆ ನಿಮ್ಮ ಅತ್ತಿಗೆ ಬಂದು, "ನೀರೆಲ್ಲ ನೀವೇ ಎಳ್ಕೊಂಡ್ರೆ ನಮ್ಮ ಬದನೆ ಗತಿ ಏನು? ನಿಮ್ಮ ಹೊಲದಲ್ಲಿ ಕಾಲಿಟ್ರೆ ಹೂತುಹೋಗುತ್ತೆ" ಅಂದರು. ನಾನು ಫೋನನ್ನ ಅವರ ಮುಖಕ್ಕೆ ಹಿಡಿದು, "ಮಣ್ಣು ಒಣಗಿದೆ ಅಂತ ಇದರಲ್ಲೇ ಇದೆ, ಓದೋಕೆ ಬರುತ್ತಲ್ವಾ ಅಕ್ಕ" ಅಂದುಬಿಟ್ಟೆ. ನೀವು ಪಕ್ಕದಲ್ಲೇ ನಿಂತು ತಲೆಯಾಡಿಸಿದಿರಿ. ನಮ್ಮಿಬ್ಬರಲ್ಲಿ ಒಬ್ಬರೂ ಹೊಲಕ್ಕೆ ಇಳಿದು ನೋಡಲಿಲ್ಲ.

ಈಗ ಅವರ ಮನೆಗೇ ಹೊರಟಿದ್ದೀನಿ. ಯಾವ ಮುಖ ಇಟ್ಟುಕೊಂಡು ಮಾತಾಡಲಿ ಅಂತ ನೀವೇ ಹೇಳಿ.

ಕಾಫಿ ಫ್ಲಾಸ್ಕಿನಲ್ಲಿದೆ, ಮೊದಲು ಕುಡೀರಿ. ಆಮೇಲೆ ಸೆನ್ಸರನ್ನ ಅದರ ಜಾಗದಲ್ಲಿ ನೆಟ್ಟು, ನೇರವಾಗಿ ಅಣ್ಣನ ಮನೆಗೆ ಬನ್ನಿ. ಕಾಲು ತೊಳ್ಕೊಂಡು ಬರಬೇಡಿ. ಆ ಕೆಸರನ್ನ ಅಕ್ಕ ನೋಡಲಿ.